ಟೆಂಪ್ಲರ್ ವೀರಸಭೆಯ ಪತನವೂ ನಮ್ಮ ನಾಡೂ

ಕೃಷ್ಣಾ ತೀರದ ಕೂಡಲಸಂಗಮದಲ್ಲಿ ಬಸವಣ್ಣನವರು ವಿದ್ಯೆ ಕಲಿತ 12ನೆಯ ಶತಮಾನದಲ್ಲಿಯೇ ದೂರದ ಜೆರುಸಲೇಮಿನಲ್ಲಿ ಒಂದು ಅಪೂರ್ವ ಸನ್ಯಾಸಿ ಸಭೆ ಬೆಳೆಯುತ್ತಲಿತ್ತು. ಯಾತ್ರಿಕರ ರಕ್ಷಣೆಗೆಂದು ಸುಮಾರು 1119ರಲ್ಲಿ ಹುಟ್ಟಿದ ಟೆಂಪ್ಲರ್ ವೀರಸಭೆಯೇ ಅದು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಟ್ಟ ಈ ಸನ್ಯಾಸಿಗಳು ಖಡ್ಗ ಹಿಡಿದ ಯೋಧರೂ ಆಗಿದ್ದರು. ಬಿಳಿಯ ನಿಲುವಂಗಿಯ ಮೇಲಣ ಕೆಂಪು ಶಿಲುಬೆ ಅವರ ಲಾಂಛನ. ಸದಸ್ಯರು ಬಡವರಾಗಿದ್ದರೂ ದಾನದತ್ತಿಗಳಿಂದ ಸಭೆ ಶ್ರೀಮಂತವಾಯಿತು. ಅರಸರಿಗೂ ಸಾಲ ಕೊಡತೊಡಗಿತು.

1291ರಲ್ಲಿ ಏಕರ್ ನಗರವು ಮಾಮಲೂಕರ ವಶವಾಗಲು, ಪುಣ್ಯಭೂಮಿಯಲ್ಲಿ ಸಭೆಗೆ ನೆಲೆ ತಪ್ಪಿತು. ಸಂಪತ್ತು ಮಾತ್ರ ಉಳಿಯಿತು. ಹಣದ ಮುಗ್ಗಟ್ಟಿನಲ್ಲಿದ್ದ ಫ್ರಾನ್ಸಿನ ಅರಸ ನಾಲ್ಕನೆಯ ಫಿಲಿಪ್ಪನ ಕಣ್ಣು ಅದರ ಮೇಲೆ ಬಿದ್ದಿತು. 1307ರ ಅಕ್ಟೋಬರ್ 13ರಂದು ಅವನು ತನ್ನ ರಾಜ್ಯದ ಟೆಂಪ್ಲರರನ್ನು ಏಕಕಾಲಕ್ಕೆ ಸೆರೆಹಿಡಿಸಿದನು. ಕ್ರಿಸ್ತರನ್ನು ನಿರಾಕರಿಸಿದರು, ಶಿಲುಬೆಯ ಮೇಲೆ ಉಗುಳಿದರು, ವಿಗ್ರಹವನ್ನು ಪೂಜಿಸಿದರು ಎಂಬ ಪಾಷಂಡವಾದದ ಆರೋಪಗಳು ಅವರ ಮೇಲೆ ಬಂದವು. ಚಿತ್ರಹಿಂಸೆಗೆ ಸಿಲುಕಿದ ಅನೇಕರು ಎಲ್ಲವನ್ನೂ ಒಪ್ಪಿಕೊಂಡರು. ಒಪ್ಪಿಗೆಯನ್ನು ಹಿಂತೆಗೆದುಕೊಂಡ 54 ಮಂದಿಯನ್ನು 1310ರಲ್ಲಿ ಪ್ಯಾರಿಸಿನಲ್ಲಿ ಸುಡಲಾಯಿತು. ಆದರೆ ಅರಗಾನ್ ಮತ್ತು ಸೈಪ್ರಸ್‌ಗಳಲ್ಲಿ ವಿಚಾರಣೆ ನಡೆದಾಗ ಅವರು ನಿರ್ದೋಷಿಗಳೆಂದೇ ತೀರ್ಮಾನವಾಯಿತು.

ಜಗದ್ಗುರು ಐದನೆಯ ಕ್ಲೆಮೆಂಟರ ಪ್ರತಿನಿಧಿಗಳು 1308ರಲ್ಲಿ ಶಿನೋನ್ ಕೋಟೆಯಲ್ಲಿ ಸಭೆಯ ಮುಖಂಡರಿಗೆ ಪಾಪವಿಮೋಚನೆ ನೀಡಿದ್ದರು. ಇದರ ದಾಖಲೆ ವ್ಯಾಟಿಕನ್ ಪತ್ರಾಗಾರದಲ್ಲಿ 2001ರಲ್ಲಿ ಬೆಳಕಿಗೆ ಬಂದಿದೆ. ಆದರೂ ಅರಸನ ಒತ್ತಡ ಗೆದ್ದಿತು. 1312ರಲ್ಲಿ ವಿಯೆನ್ ಮಹಾಸಭೆಯ ಕಾಲಕ್ಕೆ, ಅಪರಾಧಿಯೆಂದು ತೀರ್ಪು ನೀಡದೆಯೇ ಜಗದ್ಗುರುಗಳು ಸಭೆಯನ್ನು ರದ್ದುಗೊಳಿಸಿದರು. ತಾವು ನಿರಪರಾಧಿಗಳೆಂದು ಸಾರಿದ ಅದರ ಮುಖ್ಯಸ್ಥ ಜಾಕ್ ದ ಮೊಲೇ 1314ರಲ್ಲಿ ಚಿತೆಯೇರಿದರು.

ಈ ಕಥೆಗೂ ನಮ್ಮ ನಾಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಪೋರ್ತುಗಲ್ಲಿನ ಅರಸ ದಿನೀಸನು ತನ್ನಲ್ಲಿದ್ದ ಟೆಂಪ್ಲರರ ಆಸ್ತಿ ಚದುರದಂತೆ ಕಾಪಾಡಿದನು. 1319ರಲ್ಲಿ ಅದರಿಂದಲೇ ‘ಕ್ರಿಸ್ತಸಭೆ’ ಎಂಬ ಹೊಸ ವೀರಸಭೆ ಹುಟ್ಟಿತು. ಸಾಗರೋತ್ತರ ಪ್ರದೇಶಗಳ ಧಾರ್ಮಿಕ ಅಧಿಕಾರ 1456ರಲ್ಲಿ ಈ ಸಭೆಗೆ ದೊರೆಯಿತು. ಇದರ ಶಿಲುಬೆಯನ್ನು ಹೊತ್ತ ವಾಸ್ಕೋ ಡ ಗಾಮನ ಹಡಗುಗಳು 1498ರಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿದವು. 1510ರಲ್ಲಿ ಪೋರ್ತುಗೀಜರು ಗೋವೆಯನ್ನು ಗೆದ್ದುಕೊಂಡದ್ದು ವಿಜಾಪುರದ ಆದಿಲಶಾಹಿಯಿಂದ. ಮುಧೋಳದ ಘೋರ್ಪಡೆ ಮನೆತನ ಸೇವೆ ಸಲ್ಲಿಸಿದ ಆ ಆದಿಲಶಾಹಿಯಿಂದಲೇ. ಗೋವೆ 1534ರಲ್ಲಿ ಧರ್ಮಪ್ರಾಂತ್ಯವಾಯಿತು. ಅದರ ಮತ್ತು ಪುಣೆಯ ಭಾಗಗಳನ್ನು ಸೇರಿಸಿ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವನ್ನು ರಚಿಸಲಾಯಿತು.

ಹೀಗೆ ಅಳಿದ ಸಭೆಯೊಂದರ ಬಳ್ಳಿ ನಮ್ಮ ಸೀಮೆಯ ಹತ್ತಿರದವರೆಗೂ ಹಬ್ಬಿದೆ. ಅರಸರ ಆಶ್ರಯದಲ್ಲಿ ಬೆಳೆದುದು ಅರಸರ ಕೋಪಕ್ಕೂ ಈಡಾಗುತ್ತದೆ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆಯನ್ನು ಧರ್ಮದ ಹೆಸರಿನಲ್ಲಿಯೇ ಮುರಿದಾಗ ಎಂತಹ ಅನಾಹುತವಾಯಿತೆಂಬುದನ್ನು ಶತಮಾನೋತ್ಸವದ ಈ ಸಂಭ್ರಮದಲ್ಲಿಯೂ ನಾವು ಮರೆಯಬಾರದು. ನೆರೆಯವರ ಮೇಲೆ ಅಪವಾದ ಕೇಳಿಬಂದಾಗ ನಂಬುವ ಮುನ್ನ ವಿಚಾರಿಸುವ ವಿವೇಕವನ್ನು ದೇವರು ನಮಗೆ ಕರುಣಿಸಲಿ.