ಗುಡುಗುಡಿಯ ಹೊಗೆಯೂ ಬೆಂಗಳೂರಿನ ರಾಕ್ ಯುಗವೂ: ಒಂದು ತಪ್ಪು ಓದಿನ ಪರಿಶೀಲನೆ

ಬೆಂಗಳೂರಿನ ರಾಕ್ ಮತ್ತು ಮೆಟಲ್ ಸಂಗೀತದ ಚರಿತ್ರೆಯ ಮಾತು ಬಂದಾಗಲೆಲ್ಲ ಒಂದು ವಾದ ತಲೆ ಎತ್ತುತ್ತದೆ. ಆ ಸಂಗೀತದ ಬೆನ್ನಿಗೆ ಬಂದ ನಶೆ, ಸ್ವೇಚ್ಛೆಗಳು ಪರದೇಶದವಲ್ಲ. ತತ್ವಪದಕಾರ ಶಿಶುನಾಳ ಶರೀಫರೇ (1819–1889) ಗುಡುಗುಡಿಯ (ಹುಕ್ಕಾದ) ಪದ ಕಟ್ಟಿದ್ದಾರೆ. ಗಾಯಕ ರಘು ದೀಕ್ಷಿತ್ ಅದನ್ನು ಗಿಟಾರಿಗೆ ಹೊಂದಿಸಿ 2008ರ ತಮ್ಮ ಮೊದಲ ಆಲ್ಬಮಿನಲ್ಲಿ ಹಾಡಿದಾಗ ಹಳೆಯ ಪರಂಪರೆಯೇ ಮುಂದುವರಿಯಿತು, ಎಂಬುದು ಆ ವಾದ. ಇದಕ್ಕೆಲ್ಲ ಆಧಾರ ಈ ಒಂದೇ ಪದ. ಆ ಆಧಾರ ನಿಲ್ಲುವಂಥದ್ದಲ್ಲ.

ಹೀಗೆ ವಾದಿಸುವವರು ಪದವನ್ನು ಪೂರ್ತಿ ಓದಿದಂತಿಲ್ಲ. ಸೇದಿದರೆ ಒಡಲೊಳಗಿನ ರೋಗ ಹೋಗುತ್ತದೆ ಎಂದು ಪಲ್ಲವಿಯಲ್ಲೇ ಇದೆ. ಮತ್ತೇರುವ ಮಾತು ಅಲ್ಲಿಲ್ಲ. ಮುಂದಿನ ಚರಣದಲ್ಲಿ ಭಂಗಿ (ಗಾಂಜಾ) ಬರುತ್ತದೆ, ನಿಜ. ಎದುರುವಾದಿಗಳು ಜೋತುಬೀಳುವುದು ಇಲ್ಲಿಗೇ. ಆದರೆ ದಿನದಿನವೂ ಕೊಚ್ಚಬೇಕಾದ ಆ ಭಂಗಿ ಯಾವುದು? ಮೋಹ. ಅದನ್ನಿಟ್ಟ ಸಂಚಿ ಮನಸ್ಸು. ಬೆಂಕಿ ಹಚ್ಚುವುದು ಬುದ್ಧಿ. ಬುರುಡೆ ಶರೀರವಾಗುತ್ತದೆ, ಕೊಳವಿ ಶ್ವಾಸನಾಳವಾಗುತ್ತದೆ, ಒಳಗೆ ಸುರಿಯುವ ನೀರು ಅರಿವಾಗುತ್ತದೆ.

ಈ ಕೊನೆಯ ಜೋಡಣೆಯನ್ನು ಎದುರುವಾದಿಗಳು ಗಮನಿಸಿಲ್ಲವೆಂಬುದು ನನ್ನ ತಕರಾರು. ಗುಡುಗುಡಿಯಲ್ಲಿ ಚಿಲುಮೆಯ ಹೊಗೆ ನೇರ ಬಾಯಿಗೆ ಬರುವುದಿಲ್ಲ. ಬುರುಡೆಯ ನೀರಿಗಿಳಿದು, ಗುಳುಗುಳು ಸದ್ದು ಮಾಡುತ್ತ ಮೇಲೆದ್ದು, ಕಾವು ಕಳೆದುಕೊಂಡು ಬರುತ್ತದೆ. ಶರೀಫರು ಅರಿವನ್ನು ಇಟ್ಟಿದ್ದು ಸರಿಯಾಗಿ ಆ ಜಾಗದಲ್ಲಿ. ಉರಿದ ಮೋಹ ಅರಿವಿನೊಳಗೆ ಹಾದು ತಣ್ಣಗಾಗದೆ ಉಸಿರಿಗೆ ಸೇರುವಂತಿಲ್ಲ. ನಶೆಯನ್ನು ಹೊಗಳಲು ಕೂತವನಿಗೆ ಈ ನೀರಿನ ಲೆಕ್ಕ ಬೇಕಿರಲಿಲ್ಲ. ಶರೀಫರ ಸೋರುವ ಮಾಳಿಗೆಯ ಪದವನ್ನು ಮನೆ ರಿಪೇರಿಯ ಹಾಡೆಂದು ಯಾರೂ ಓದಿಲ್ಲ. ಅದೇ ಕವಿಯ ಗುಡುಗುಡಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ಎದುರಿಗೆ ಬ್ಲ್ಯಾಕ್ ಸಬಾತ್ ತಂಡದ 1971ರ ‘ಸ್ವೀಟ್ ಲೀಫ್’ ಇಟ್ಟು ನೋಡಬೇಕು. ಹಾಡು ಶುರುವಾಗುವುದೇ ಗಿಟಾರ್ ವಾದಕ ಟೋನಿ ಅಯೋಮಿಯ ಕೆಮ್ಮಿನಿಂದ. ರೆಕಾರ್ಡಿಂಗ್ ಹೊತ್ತಿನಲ್ಲಿ ನಿಜವಾಗಿಯೂ ಬಂದ ಕೆಮ್ಮು ಅದು. ಹಾಡು ಗಾಂಜಾಕ್ಕೆ ಬರೆದ ಪ್ರೇಮಪತ್ರ. ಅಲ್ಲಿ ಎಲೆ ಎಂದರೆ ಎಲೆಯೇ. ಆ ಯುಗ ಸ್ವೇಚ್ಛೆಗೆ ತೆತ್ತ ಬೆಲೆಯೂ ಕಣ್ಣೆದುರಿಗಿದೆ: ರಾಕ್ ತಾರೆಗಳಲ್ಲಿ 1970ರಲ್ಲಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, 1971ರಲ್ಲಿ ಜಿಮ್ ಮಾರಿಸನ್, ಮೂವರೂ 27ರ ಪ್ರಾಯದಲ್ಲಿ ಹೋದರು. ಆ ಹಾಡನ್ನೂ ಶರೀಫರ ಪದವನ್ನೂ ಒಂದೇ ದಾರಕ್ಕೆ ಪೋಣಿಸುವುದು ಸಂಶೋಧನೆಯಲ್ಲ.

ಹಾಗಂತ ರಘು ದೀಕ್ಷಿತರು ಪದ ಕೆಡಿಸಿದರೆಂದು ಹಲುಬುವ ಮಡಿವಂತರ ಪಕ್ಷವೂ ನನ್ನದಲ್ಲ. ರಘು ದೀಕ್ಷಿತರಿಗಿಂತ ಮೊದಲು ಸಿ. ಅಶ್ವಥ್ ಶರೀಫರ ಪದಗಳನ್ನು ಏಕತಾರಿ, ತಾಳಗಳ ಬಳಗದಿಂದ ಸುಗಮ ಸಂಗೀತದ ವೇದಿಕೆಗೆ ತಂದಿದ್ದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತವೂ ಅವರದೇ. ಮಟ್ಟು ಬದಲಾದರೆ ತತ್ವ ಸಾಯುವುದಿಲ್ಲ. ಶರೀಫರ ಊರು ಶಿಶುನಾಳ ಲಕ್ಷ್ಮೇಶ್ವರದ ನೆರೆಯಲ್ಲೇ ಇದೆ. ಈ ಭಾಗದ ಭಜನಾ ಮೇಳಗಳಲ್ಲಿ ತತ್ವಪದ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಆ ಯುಗದ ಅತಿರೇಕಕ್ಕೆ ಬೇರೆಯೇ ಕಾರಣಗಳಿವೆ. ಸಾಫ್ಟ್‌ವೇರ್ ಸಂಬಳ, ಪಬ್ಬುಗಳು, ಕಾಲೇಜು ಉತ್ಸವಗಳು, ಅರಮನೆ ಮೈದಾನ. ಐರನ್ ಮೇಡನ್ ತಂಡ ಅಲ್ಲಿ ನುಡಿಸಿದ್ದು 2007ರ ಮಾರ್ಚ್ 17ರಂದು. ಮೆಟಾಲಿಕಾ 2011ರ ಅಕ್ಟೋಬರ್ 30ರಂದು.  1998ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಯಿತು. ಅದು ಹಾಡುವುದು ಇಂಗ್ಲಿಷಿನಲ್ಲಿ, ಅದರ ಗುರುಗಳು ಯುರೋಪಿನ ಮೆಟಲ್ ತಂಡಗಳು. ಇವರ ವಂಶಾವಳಿ ಬರೆಯುವವರು ಆ ಹೆಸರುಗಳನ್ನೇ ಬರೆಯಲಿ, ಶರೀಫರನ್ನು ಅದರಿಂದ ಕೈಬಿಡಲಿ.