ಬೆಳ್ಳಿಗೂ ಬಗ್ಗದ ರೋಗಾಣು

1870ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಕಣ್ಣಿನಲ್ಲಿ ಕೀವು ತುಂಬುತ್ತಿತ್ತು. ತಾಯಿಯ ಗೊನೋರಿಯಾ ರೋಗಾಣು ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ತಗಲಿ, ಎಷ್ಟೋ ಮಕ್ಕಳು ಲೋಕವನ್ನು ನೋಡುವ ಮೊದಲೇ ಕುರುಡಾಗುತ್ತಿದ್ದವು. ಕಾರ್ಲ್ ಕ್ರೆಡೆ ಎಂಬ ವೈದ್ಯರು 1880ರಲ್ಲಿ ಪ್ರತಿ ಕೂಸಿನ ಕಣ್ಣಿಗೂ ಶೇಕಡಾ 2ರ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದೊಂದು ಹನಿ ಹಾಕಿಸತೊಡಗಿದರು. ರೋಗ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಒಂದು ಹನಿ ಬೆಳ್ಳಿನೀರು, ಅಷ್ಟೆ!

ನಮಗೆ ಬೆಳ್ಳಿಯೆಂದರೆ ಕಾಲ್ಗೆಜ್ಜೆ, ಹೆಚ್ಚೆಂದರೆ ಮಿಠಾಯಿಯ ಮೇಲಿನ ವರ್ಕ್. ಆದರೆ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅದರ ಉಸಿರಾಟವನ್ನೇ ಕೆಡಿಸುತ್ತವೆ. 1889ರಲ್ಲೇ ಅಮೆರಿಕದ ಕ್ಯಾರಿ ಲೀ ಅತಿಸೂಕ್ಷ್ಮ ಬೆಳ್ಳಿಕಣಗಳ ದ್ರಾವಣ ತಯಾರಿಸಿದ್ದರು. ಇಂದು ನಾವು ನ್ಯಾನೋ ಬೆಳ್ಳಿ ಎನ್ನುವುದು ಅದರ ವಂಶದ್ದೇ. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ಕಣ ಚಿಕ್ಕದಾದಷ್ಟೂ ಅಷ್ಟೇ ತೂಕದ ಲೋಹಕ್ಕೆ ಮೈ ಹೆಚ್ಚು, ಹೊರಬೀಳುವ ಅಯಾನುಗಳೂ ಹೆಚ್ಚು.

1940ರ ದಶಕದಲ್ಲಿ ಪೆನ್ಸಿಲಿನ್ ಬಂದ ಮೇಲೆ ಬೆಳ್ಳಿ ಮೂಲೆಗೆ ಸರಿಯಿತು. ಸುಟ್ಟಗಾಯದ ವಾರ್ಡುಗಳು ಮಾತ್ರ ಅದನ್ನು ಮತ್ತೆ ಕರೆದವು. 1965ರಲ್ಲಿ ಕಾರ್ಲ್ ಮೋಯರ್ ಶೇಕಡಾ 0.5ರ ಸಿಲ್ವರ್ ನೈಟ್ರೇಟಿನ ಪಟ್ಟಿ ಕಟ್ಟಿಸಿದರು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಸಿಲ್ವರ್ ಸಲ್ಫಾಡಯಾಜಿನ್ ತಂದರು. ನಮ್ಮ ಆಸ್ಪತ್ರೆಗಳಲ್ಲಿ ಸುಟ್ಟಗಾಯಕ್ಕೆ ಬಳಿಯುವ ಬಿಳಿ ಮುಲಾಮು ಅದೇ.

ಹಾಗಾದರೆ ಯಾವ ಔಷಧಿಗೂ ಜಗ್ಗದ ರೋಗಾಣುವಿಗೆ ಬೆಳ್ಳಿಯೇ ರಾಮಬಾಣವೆ? ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಿಂದ 1975ರಲ್ಲಿ ಬಂದ ವರದಿ ಬೇರೆಯೇ ಹೇಳಿತು. ಅಲ್ಲಿ ಬೆಳ್ಳಿಯನ್ನು ಸಹಿಸಿಕೊಂಡ ಸಾಲ್ಮೊನೆಲ್ಲಾ ಮೂವರನ್ನು ಕೊಂದಿತ್ತು, ವಾರ್ಡನ್ನೇ ಮುಚ್ಚಬೇಕಾಯಿತು. ಬೆಳ್ಳಿಯನ್ನು ಹಿಡಿದು ಹೊರದಬ್ಬುವ ಅದರ ಜೀನುಗಳು ಬೆಳಕಿಗೆ ಬಂದದ್ದು 1999ರಲ್ಲಿ. ಅದೇ ಪ್ಲಾಸ್ಮಿಡ್ಡಿನ ಮೇಲೆ ಆಂಪಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ಎದುರಿಸುವ ಜೀನುಗಳೂ ಇದ್ದವು. ಕಾಲುಚೀಲಕ್ಕೂ ಬಟ್ಟೆ ಒಗೆಯುವ ಯಂತ್ರಕ್ಕೂ ಬೆಳ್ಳಿ ಬೆರೆಸಿ ಮಾರಿದವರು ಈ ವರದಿಗಳನ್ನು ಓದಿದಂತೆ ಕಾಣುವುದಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು 2019ರಲ್ಲಿ ನೇರವಾಗಿ 12.7 ಲಕ್ಷ ಜನರನ್ನು ಬಲಿ ಪಡೆದವು ಎಂಬ ಅಂದಾಜಿರುವಾಗ ಇದು ಸಣ್ಣ ಉಡಾಫೆಯಲ್ಲ.

ನ್ಯಾನೋ ಕಣಗಳಿಗೂ ಅದೇ ಗತಿ. ಚೆಕ್ ದೇಶದ ಒಲೊಮೌಟ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದಂತೆ, ಕಣಗಳ ನಡುವೆ ಮತ್ತೆ ಮತ್ತೆ ಬೆಳೆಸಿದ ಇ. ಕೋಲಿ ಫ್ಲಾಜೆಲಿನ್ ಎಂಬ ಪ್ರೋಟೀನನ್ನು ಸುರಿಸಿ ಬೆಳ್ಳಿಯನ್ನು ಗಂಟುಗಂಟಾಗಿಸಿಬಿಡುತ್ತದೆ. ಗಂಟು ಕಟ್ಟಿದ ಬೆಳ್ಳಿಗೆ ಬಲವಿಲ್ಲ. ಪ್ರಯೋಗಶಾಲೆಯಲ್ಲಿ ಆ ಪ್ರೋಟೀನನ್ನು ತಡೆದದ್ದು ದಾಳಿಂಬೆ ಸಿಪ್ಪೆಯ ಸಾರ. ಯೂನಾನಿ ಹಕೀಮರು ‘ಪೋಸ್ತ್-ಎ-ಅನಾರ್’ ಎಂದು ಡಬ್ಬಿಯಲ್ಲಿ ಎತ್ತಿಡುವ ಸಿಪ್ಪೆಯೂ ಅದೇ.