ದಫ್ತರದಲ್ಲಿ ಯಾರ ಹೆಸರಿದೆ?



ಅಕ್ಟೋಬರ್ ತಿಂಗಳ ಮಿಷನ್ ಭಾನುವಾರ ಬಂತೆಂದರೆ ನಾವು ಗುರುಗಳು ಪ್ರಬೋಧನೆಯಲ್ಲಿ ದೂರದೇಶದಿಂದ ಬಂದ ಧರ್ಮಪ್ರಚಾರಕರ ತ್ಯಾಗವನ್ನು ನೆನೆಯುತ್ತೇವೆ. 1926ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಅವರು ಈ ಭಾನುವಾರವನ್ನು ಗೊತ್ತುಮಾಡಿದಾಗಿನಿಂದ ಇದು ನಡೆದು ಬಂದಿದೆ. ಹಡಗು ಮುಳುಗಿದ್ದು, ಜ್ವರ ಬಂದದ್ದು, ಸೆರೆಮನೆ ಸೇರಿದ್ದು, ಎಲ್ಲವನ್ನೂ ಹೇಳುತ್ತೇವೆ. ಆದರೆ ಇದೆಲ್ಲ ನಮಗೆ ತಿಳಿದದ್ದು ಹೇಗೆ? ಯಾರು ಬರೆದಿಟ್ಟರು, ಯಾರಿಗಾಗಿ ಬರೆದರು, ಯಾರನ್ನು ಬಿಟ್ಟು ಬರೆದರು? ಈ ಸಲ ಆ ಕಾಗದಪತ್ರಗಳ ಮಾತನ್ನೇ ಆಡೋಣ.

ದಾಖಲೆ ಎಂದರೆ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕ ಚಕ್ರವರ್ತಿಯ ಶಾಸನ! ಎಷ್ಟೋ ಶತಮಾನ ಜನ ಅದರ ಮುಂದೆಯೇ ಕೈಮುಗಿದು ಹೋಗಿದ್ದರು. ಮೂರ್ತಿ ನಿಲ್ಲಿಸಲು ಕಲ್ಲಿನ ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋಗಿಬಿಟ್ಟಿವೆ. ಧರ್ಮಸಭೆಯ ಹಳೆಯ ಕಾಗದಗಳ ಪಾಡೂ ಹೆಚ್ಚುಕಡಿಮೆ ಹೀಗೆಯೇ. ಉಳಿದದ್ದು ಬಹಳ, ಅದರ ನಡುವೆ ತೂತೂ ಇದೆ. ಆ ತೂತು ಎಲ್ಲಿದೆ ಎಂದು ನೋಡುವುದು ಇತಿಹಾಸ ಓದುವವನ ಮೊದಲ ಕೆಲಸ.

ನಮ್ಮ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ. ಆದ್ದರಿಂದ ‘ನಮ್ಮದು ಹೊಸ ಧರ್ಮಪ್ರಾಂತ್ಯ’ ಎನ್ನುವುದು ವಾಡಿಕೆ. ಆಡಳಿತದ ಮಟ್ಟಿಗೆ ಅದು ನಿಜ. ಆದರೆ ವಿಜಯಪುರದ ಆದಿಲ್ ಶಾಹಿ ರಾಜ್ಯದ ಹೆಸರು ರೋಮಿನ ಪತ್ರಗಳಲ್ಲಿ ನಾಲ್ಕು ಶತಮಾನದ ಹಿಂದೆಯೇ ಬಿದ್ದಿದೆ. 1561ರಲ್ಲಿ ಒಂದನೆಯ ಅಲಿ ಆದಿಲ್ ಶಾಹ ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಹೇಳಿಕಳುಹಿಸಿ ವಿದ್ವಾಂಸರಾದ ಗುರುಗಳನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ. 1622ರಲ್ಲಿ ರೋಮಿನಲ್ಲಿ ಧರ್ಮಪ್ರಚಾರದ ಉಸ್ತುವಾರಿಗೆಂದು ಪ್ರೊಪಗಾಂಡ ಫಿದೆ ಎಂಬ ಮಂಡಳಿ ಹುಟ್ಟಿತು. ಅದು 1637ರಲ್ಲಿ ‘ಇದಲ್ಕಾನ್’ ರಾಜ್ಯಕ್ಕೆ ಒಬ್ಬ ಪ್ರೇಷಿತ ಪ್ರತಿನಿಧಿಯನ್ನು ನೇಮಿಸಿತು. ಇದಲ್ಕಾನ್ ಎಂದರೆ ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡ ಆದಿಲ್ ಖಾನ್.

ಆ ಪ್ರತಿನಿಧಿ ಬಿಳಿಯರಲ್ಲ. ಗೋವೆಯ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮತೇವುಸ್ ದೆ ಕಾಸ್ತ್ರೊ. ಊರಿನಲ್ಲಿ ಗುರುದೀಕ್ಷೆಯ ದಾರಿ ಮುಚ್ಚಿದ್ದರಿಂದ ಆತ ರೋಮಿಗೇ ಹೋಗಿ ಅಲ್ಲಿ ಓದಿ, ಗುರುವಾಗಿ, ಧರ್ಮಾಧ್ಯಕ್ಷನಾಗಿ ಮರಳಿದವರು. ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಅವರು ಗೋವೆಯ ಗಡಿಯಾಚೆ ಆದಿಲ್ ಶಾಹನ ನೆಲವಾಗಿದ್ದ ಡಿಚೋಲಿಯಲ್ಲಿ ನೆಲೆ ಮಾಡಿಕೊಂಡು ಅಲ್ಲಿಂದ ರೋಮಿಗೆ ದೂರು ಬರೆದರು. ಗೋವೆಯವರು ಅವರ ಮೇಲೆ ದೂರು ಬರೆದರು. ಶತ್ರುರಾಜನನ್ನು ಗೋವೆಯ ಮೇಲೆ ಎತ್ತಿಕಟ್ಟುತ್ತಾನೆ ಎಂದರು. ಎರಡು ಕಡೆಯ ಪತ್ರಗಳೂ ಉಳಿದಿವೆ. ಒಂದನ್ನೇ ಓದಿದರೆ ಕಾಸ್ತ್ರೊ ಅನ್ಯಾಯಕ್ಕೊಳಗಾದ ಸಜ್ಜನ, ಇನ್ನೊಂದನ್ನೇ ಓದಿದರೆ ರಾಜದ್ರೋಹಿ. ನನಗೇನೋ ಅವರು ಸಿಟ್ಟಿನ ಮನುಷ್ಯರೆಂದೇ ತೋರುತ್ತದೆ, ಆದರೆ ಸಿಟ್ಟಿಗೆ ಕಾರಣವಿತ್ತು. ಅವರು 1677ರಲ್ಲಿ ರೋಮಿನಲ್ಲಿ ತೀರಿಕೊಂಡರು.

ಇನ್ನು ಯೇಸುಸಭೆಯವರ ಪತ್ರಗಳಿಗೆ ಬರೋಣ. ಮೈಸೂರು ಸೀಮೆಯ ಧರ್ಮಪ್ರಚಾರದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಅವರ ವಾರ್ಷಿಕ ಪತ್ರಗಳಿಂದ. ಪ್ರತಿಯೊಬ್ಬ ಗುರುವೂ ವರ್ಷದ ಕೆಲಸವನ್ನು ಬರೆದು ತನ್ನ ಹಿರಿಯರಿಗೆ ಒಪ್ಪಿಸಬೇಕು. ಹಿರಿಯರು ಎಲ್ಲವನ್ನೂ ಸೇರಿಸಿ ರೋಮಿಗೆ ಕಳುಹಿಸಬೇಕು. ಹಡಗು ಮುಳುಗುವ ಕಾಲ ಅದು. ಹಾಗಾಗಿ ಒಂದೇ ಪತ್ರದ ಎರಡು ಮೂರು ನಕಲು ಮಾಡಿ ಬೇರೆ ಬೇರೆ ಹಡಗಿನಲ್ಲಿ ಹಾಕುತ್ತಿದ್ದರು. ಸಂತ ಇಗ್ನಾಸಿಯವರು ಸಭೆಯ ಆರಂಭದಲ್ಲೇ ಇನ್ನೊಂದು ಪದ್ಧತಿ ಮಾಡಿದ್ದರು. ನಾಲ್ಕು ಜನರಿಗೆ ತೋರಿಸಬಹುದಾದ, ಓದಿದವರ ಭಕ್ತಿ ಹೆಚ್ಚಿಸುವ ಸಂಗತಿಗಳು ಮುಖ್ಯ ಪತ್ರದಲ್ಲಿ. ಜಗಳ, ಕಷ್ಟ, ಒಳಗಿನ ವಿಷಯಗಳು ಬೇರೆ ಹಾಳೆಯಲ್ಲಿ. ಮುಖ್ಯ ಪತ್ರಗಳು ಯುರೋಪಿನಲ್ಲಿ ಅಚ್ಚಾಗಿ, ದಾನಿಗಳ ಕೈ ಸೇರಿ, ಮಠಗಳ ಊಟದ ಮನೆಯಲ್ಲಿ ಓದಿಸಿಕೊಂಡವು. ಬೇರೆ ಹಾಳೆಗಳು ಪೆಟ್ಟಿಗೆಯಲ್ಲಿ ಉಳಿದವು. ರೋಮಿನಲ್ಲಿ ಸಂತ ಪೇತ್ರರ ಮಹಾದೇವಾಲಯದ ಸಮೀಪದಲ್ಲೇ ಇರುವ ಯೇಸುಸಭೆಯ ದಫ್ತರಖಾನೆಯಲ್ಲಿ ಇವನ್ನು ಇಂದು ಸಂಶೋಧಕರು ಓದಬಹುದು. ನಾವು ಪ್ರಬೋಧನೆಯಲ್ಲಿ ಹೇಳುವ ಕಥೆಗಳು ಮೊದಲನೆಯ ಬಗೆಯ ಪತ್ರದಿಂದ ಬಂದವು.

1640ರ ದಶಕದ ಕೊನೆಗೆ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಆಗ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಮಧುರೆಯಲ್ಲಿ ರಾಬರ್ಟೊ ದೆ ನೊಬಿಲಿ ತೋರಿದ ದಾರಿಯಲ್ಲಿ ಚಿನ್ನಾಮಿ ಸಂನ್ಯಾಸಿಯ ಉಡುಪು ತೊಟ್ಟು, ಮಾಂಸ ಬಿಟ್ಟು, ಕನ್ನಡ ಕಲಿತರು. ಕನ್ನಡದಲ್ಲಿ ಧರ್ಮೋಪದೇಶ, ಸಂತರ ಚರಿತ್ರೆ, ವ್ಯಾಕರಣ, ಶಬ್ದಕೋಶ ಬರೆದರು. ಕಿಟ್ಟೆಲರ ಶಬ್ದಕೋಶ ಬಂದದ್ದು 1894ರಲ್ಲಿ. ಇದು ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಆ ಕನ್ನಡ ಪುಸ್ತಕಗಳು ಕಳೆದುಹೋದವು. ಅವುಗಳನ್ನು ಬರೆದ ಸುದ್ದಿ ಹೊತ್ತ ಪತ್ರಗಳು ಉಳಿದವು. ಮಂಗಳೂರಿನಲ್ಲಿ ದುಡಿದ ಯೇಸುಸಭೆಯ ದೊಮೆನಿಕೊ ಫೆರೋಲಿ ಇಂಥ ಪತ್ರಗಳನ್ನು ಹುಡುಕಿ ಓದಿ 1955ರಲ್ಲಿ ಮೈಸೂರು ಮಿಷನ್ನಿನ ಇತಿಹಾಸ ಪ್ರಕಟಿಸದಿದ್ದರೆ ಇಷ್ಟೂ ನಮಗೆ ಸುಲಭವಾಗಿ ಸಿಗುತ್ತಿರಲಿಲ್ಲ.

ಕನ್ನಡ ಕಲಿತರು ಎಂದೆ. ಯಾರಿಂದ ಕಲಿತರು? ಶಬ್ದಕೋಶಕ್ಕೆ ಶಬ್ದ ಹೇಳಿಕೊಟ್ಟವರು ಯಾರು? ಹಳ್ಳಿಯಿಂದ ಹಳ್ಳಿಗೆ ಮುಂದಾಗಿ ಹೋಗಿ, ಜಪ ಕಲಿಸಿ, ಗುರು ಬರುವ ಹೊತ್ತಿಗೆ ಜನರನ್ನು ಸಿದ್ಧಮಾಡಿ ಇಡುತ್ತಿದ್ದ ಉಪದೇಶಿಗಳು ಯಾರು? ಪತ್ರಗಳಲ್ಲಿ ಅವರು ಬಹುಮಟ್ಟಿಗೆ ‘ಒಬ್ಬ ಉಪದೇಶಿ’, ‘ಒಬ್ಬ ಭಕ್ತ ಸ್ತ್ರೀ’ ಎಂದಷ್ಟೇ ಬರುತ್ತಾರೆ. ಗುರುವಿನ ಹೆಸರು, ಹುಟ್ಟಿದ ಊರು ಎಲ್ಲ ಇರುತ್ತದೆ. ಸನ್ನತಿಯ ಕಲ್ಲಿನ ತೂತು ನೆನಪಾಗುವುದು ಇಲ್ಲಿ.

ಇನ್ನೊಂದು ಕಹಿ ಸಂಗತಿಯನ್ನೂ ಹೇಳಲೇಬೇಕು. ಸಂನ್ಯಾಸಿಯ ವೇಷ ತೊಟ್ಟ ಗುರು ಮೇಲುಜಾತಿಯವರ ನಡುವೆ ಗೌರವ ಉಳಿಸಿಕೊಳ್ಳಬೇಕಾದರೆ ಅಸ್ಪೃಶ್ಯರೆನಿಸಿದವರ ಮನೆಗೆ ಕಾಲಿಡುವಂತಿರಲಿಲ್ಲ. ದೀಕ್ಷಾಸ್ನಾನ ಪಡೆದ ಕ್ರೈಸ್ತನೇ ಆಗಿದ್ದರೂ, ಸಾಯುವ ಸ್ಥಿತಿಯಲ್ಲಿದ್ದರೂ, ಅಂತ್ಯಾಭ್ಯಂಗಕ್ಕೆ ಗುರು ಗುಡಿಸಲೊಳಗೆ ಹೋಗುತ್ತಿರಲಿಲ್ಲ. ರೋಗಿಯನ್ನೇ ಹೊತ್ತು ಹೊರಗೆ ತರಬೇಕು. ಇದು ಅಚ್ಚಾದ ಭಕ್ತಿಪತ್ರಗಳಲ್ಲಿ ಎದ್ದು ಕಾಣುವುದಿಲ್ಲ. ಜಗಳ ರೋಮಿಗೆ ಮುಟ್ಟಿದ್ದರಿಂದ ನಮಗೆ ತಿಳಿಯಿತು. 1704ರಲ್ಲಿ ಜಗದ್ಗುರುಗಳ ರಾಯಭಾರಿ ತುರ್ನೋನ್ ಪಾಂಡಿಚೇರಿಯಲ್ಲಿ ಆಜ್ಞೆ ಹೊರಡಿಸಿ, ರೋಗಿ ಯಾವ ಜಾತಿಯವನಾದರೂ ಗುರು ಅವನ ಮನೆಗೆ ಹೋಗಬೇಕೆಂದರು. ನಲವತ್ತು ವರ್ಷ ವಾದ ನಡೆಯಿತು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಅಂತಿಮ ತೀರ್ಪು ಕೊಟ್ಟಾಗ ಯೇಸುಸಭೆಯವರು ಒಂದು ಉಪಾಯ ಮುಂದಿಟ್ಟರು: ‘ಕೆಳಜಾತಿ’ಯವರಿಗೆಂದೇ ಪ್ರತ್ಯೇಕ ಗುರುಗಳನ್ನು ನೇಮಿಸುತ್ತೇವೆ. ಜಗದ್ಗುರುಗಳು ಒಪ್ಪಿದರು. ಬಾಗಿಲು ತೆರೆಯಿತು, ಗೋಡೆ ನಿಂತೇ ಇತ್ತು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಿಗೆ ಇದು ಪುಸ್ತಕದ ಇತಿಹಾಸವಲ್ಲ. ಯಾವ ಬೆಂಚಿನಲ್ಲಿ ಕೂರಬೇಕು, ಯಾವ ಮೂಲೆಯಲ್ಲಿ ಹೂಳಬೇಕು ಎಂಬ ಪ್ರಶ್ನೆಗಳನ್ನು ನಮ್ಮ ದೇಶದ ಕ್ರೈಸ್ತ ಸಮುದಾಯಗಳು ಇಪ್ಪತ್ತನೆಯ ಶತಮಾನದಲ್ಲೂ ಕಂಡಿವೆ.

ಟಿಪ್ಪುವಿನ ಪತನದ ನಂತರ ಮೈಸೂರಿಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ ಅವರ ಹೆಸರನ್ನು ಓದಿದವರೆಲ್ಲ ಬಲ್ಲರು. ಹಿಂದೂಗಳ ಆಚಾರವಿಚಾರದ ಬಗ್ಗೆ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ ಕೊಟ್ಟು ಕೊಂಡಿತು. ಅದರಲ್ಲಿ ಬಹುಭಾಗ ಯೇಸುಸಭೆಯ ಕೆರ್ದೂ ಎಂಬುವರು ಹಿಂದೆಯೇ ಬರೆದಿದ್ದ ಹಸ್ತಪ್ರತಿಯದು ಎಂದು 1987ರಲ್ಲಿ ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಅದಿರಲಿ. ನನ್ನನ್ನು ಕಾಡುವುದು ದುಬ್ವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿನ ಒಂದು ಲೆಕ್ಕ. ಇಪ್ಪತ್ತೈದು ವರ್ಷ ದುಡಿದು ತಾವು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು, ಅದರಲ್ಲೂ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು ಎಂದು ನಿರಾಶೆಯಿಂದ ಬರೆಯುತ್ತಾರೆ. ಅವರ ಪಾಲಿಗೆ ಅದು ಸೋಲಿನ ಪಟ್ಟಿ. ಆ ಇನ್ನೂರು ಮುನ್ನೂರರಲ್ಲಿ ಒಂದು ಹೆಸರೂ ಅಲ್ಲಿಲ್ಲ. ಮುಂಜಾನೆ ಕೂಲಿಗೆ ಹೋಗಿ ಸಂಜೆ ಜಪಕ್ಕೆ ಬಂದು ಕೂತವರನ್ನು ಲೆಕ್ಕಕ್ಕೆ ಬಾರದವರೆಂದು ಎಣಿಸಿದ ಗುರುವಿನ ಪುಸ್ತಕವನ್ನು ಇನ್ನೂರು ವರ್ಷ ಜಗತ್ತು ಓದಿತು.

ಹೀಗೆ ಹೆಸರಿಲ್ಲದೆ ಹೋಗುವುದರ ಬೆಲೆ ಏನೆಂಬುದನ್ನು ಇತ್ತೀಚೆಗೆ ತೋರಿಸಿದ್ದು ಕೆನಡಾದ ಧರ್ಮಸಭೆ. ಅಲ್ಲಿನ ಉತ್ತರದ ಹಿಮಪ್ರದೇಶದ ಮೂಲನಿವಾಸಿಗಳಾದ ಡೆನೆ, ಇನ್ಯುಯಿಟ್ ಮೊದಲಾದವರ ನಡುವೆ ದುಡಿದ ಕಥೋಲಿಕ ಗುರುಗಳಲ್ಲಿ ಒಬ್ಲೇಟ್ ಸಭೆಯವರು ಮುಖ್ಯರು. ಅವರ ಪ್ರತಿ ಕೇಂದ್ರದಲ್ಲೂ ಒಂದು ದಿನಚರಿ ಪುಸ್ತಕವಿರುತ್ತಿತ್ತು. ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರುಗಳಿದ್ದವು. ಆದರೆ ಸರ್ಕಾರದ ಹಣದಲ್ಲಿ ಸಭೆಗಳು ನಡೆಸಿದ ವಸತಿಶಾಲೆಗಳ ಕಥೆ ಬೇರೆ. ಸುಮಾರು 1,50,000 ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಆ ಶಾಲೆಗಳಿಗೆ ಹಾಕಿದರು. ಎಷ್ಟೋ ಕಡೆ ಮನೆಯ ಹೆಸರು ತೆಗೆದು ಕ್ರೈಸ್ತ ಹೆಸರನ್ನೂ ಒಂದು ಸಂಖ್ಯೆಯನ್ನೂ ಕೊಟ್ಟರು. ತಾಯ್ನುಡಿ ಆಡಿದರೆ ಶಿಕ್ಷೆ. ಅಲ್ಲಿನ ಸತ್ಯಶೋಧನಾ ಆಯೋಗ 2015ರಲ್ಲಿ ವರದಿ ಕೊಟ್ಟಾಗ ಶಾಲೆಗಳಲ್ಲಿ ಸುಮಾರು 3,200 ಮಕ್ಕಳು ಸತ್ತದ್ದು ದಾಖಲೆಯಲ್ಲಿ ಸಿಕ್ಕಿತ್ತು. ಅವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳ ಹೆಸರನ್ನು ಶಾಲೆಯವರೂ ಬರೆದಿರಲಿಲ್ಲ, ಸರ್ಕಾರವೂ ಬರೆದಿರಲಿಲ್ಲ.

48 ಶಾಲೆಗಳನ್ನು ನಡೆಸಿದ್ದ ಒಬ್ಲೇಟ್ ಸಭೆ 2021ರ ಜೂನ್‌ನಲ್ಲಿ ತನ್ನ ದಾಖಲೆಗಳನ್ನೆಲ್ಲ ತೆರೆಯುವುದಾಗಿ ಹೇಳಿತು. 2022ರ ಜುಲೈ 25ರಂದು ಜಗದ್ಗುರು ಫ್ರಾನ್ಸಿಸ್ ಮಸ್ಕ್ವಾಚೀಸ್ ಎಂಬ ಊರಿಗೆ ಹೋಗಿ, ಮೂಲನಿವಾಸಿಗಳ ಎದುರು ಕ್ಷಮೆ ಕೇಳಿದರು. ಇಲ್ಲಿ ಒಂದು ವಿಚಿತ್ರ ನೋಡಿ. ಶಾಲೆಗಳು ಅಳಿಸಿದ ಸಂಬಂಧಗಳನ್ನು ಹುಡುಕಲು ಕುಟುಂಬಗಳಿಗೆ ಇಂದು ಆಸರೆಯಾಗಿರುವ ಕಾಗದಗಳಲ್ಲಿ ಅದೇ ಧರ್ಮಸಭೆಯ ದೀಕ್ಷಾಸ್ನಾನದ ರಿಜಿಸ್ಟರುಗಳೂ ಇವೆ. ಅವುಗಳಲ್ಲಿ ಅಪ್ಪನ ಹೆಸರು, ಅವ್ವನ ಹೆಸರು, ಊರಿನ ಹೆಸರು ಇರುತ್ತದೆ. ಮೇಟಿ ಎಂಬ ಮಿಶ್ರವಂಶದ ಜನ ತಮ್ಮ ವಂಶಾವಳಿ ರುಜುವಾತು ಮಾಡಲು ಹಳೆಯ ಧರ್ಮಕೇಂದ್ರಗಳ ಪುಸ್ತಕಗಳನ್ನೇ ಹುಡುಕುತ್ತಾರೆ.

ಧರ್ಮಪ್ರಚಾರಕರ ಪತ್ರ ಯುರೋಪಿನ ಓದುಗನಿಗೆ ಬರೆದದ್ದು. ಧರ್ಮಕೇಂದ್ರದ ರಿಜಿಸ್ಟರು ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ. ಟ್ರೆಂಟ್ ಮಹಾಸಭೆಯ ಕಾಲದಿಂದ, ಅಂದರೆ 1563ರಿಂದ, ಮದುವೆಯನ್ನು ಪುಸ್ತಕದಲ್ಲಿ ಬರೆಯುವುದು ಧರ್ಮಕೇಂದ್ರದ ಗುರುವಿನ ಕರ್ತವ್ಯ. 1614ರ ರೋಮನ್ ವಿಧಿಪುಸ್ತಕ ಐದು ಪುಸ್ತಕಗಳ ಮಾದರಿ ಕೊಟ್ಟಿತು. ಅವುಗಳಲ್ಲಿ ಒಂದು ಮನೆಮನೆಯ ಲೆಕ್ಕ: ಯಾವ ಮನೆಯಲ್ಲಿ ಯಾರು ಯಾರು, ಎಷ್ಟು ವಯಸ್ಸು. ಜಮೀನ್ದಾರನ ಹೆಸರೂ ಜೀತದಾಳಿನ ಹೆಸರೂ ಅಲ್ಲಿ ಒಂದೇ ಸಾಲಿನ ಅಗಲ. ಈಗಿನ ಧರ್ಮಸಭೆಯ ಕಾನೂನಿನ 535ನೇ ವಿಧಿ ಈ ಪುಸ್ತಕಗಳನ್ನು ಬರೆಯಬೇಕು, ಹಳೆಯವನ್ನು ಜೋಪಾನ ಮಾಡಬೇಕು ಎನ್ನುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. 1956ರಲ್ಲಿ ಕನ್ನಡ ನಾಡಿಗೆ ಸೇರಿದೆವು. ಹಾಗಾಗಿ ಈ ಭಾಗದ ಧರ್ಮಸಭೆಯ ಹಳೆಯ ಕಾಗದ ಹುಡುಕುವವರು ಹೈದರಾಬಾದಿನ ಕಡೆಗೂ ನೋಡಬೇಕು. ಅಲ್ಲಿ ದುಡಿದ ಗುರುಗಳು ಇಟಲಿಯ ಮಿಲಾನ್ ಮಿಷನ್ನಿನವರು, ಅವರ ಪತ್ರಗಳು ಇಟಲಿಗೆ ಹೋದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹೊರಟ ಮೇಲೆ ರೈಲಿನ ಕ್ರೈಸ್ತ ನೌಕರರು ಬಂದರು, ವರ್ಗವಾಗಿ ಹೋದರು. ಅವರ ಮಕ್ಕಳ ದೀಕ್ಷಾಸ್ನಾನ ಒಂದು ಊರಿನ ಪುಸ್ತಕದಲ್ಲಿ, ಮದುವೆ ಇನ್ನೊಂದು ಊರಿನದರಲ್ಲಿ. ‘ಅಜ್ಜನ ಸರ್ಟಿಫಿಕೇಟು ಬೇಕು ಫಾದರ್’ ಎಂದು ಬಂದವರಿಗೆ ನಾಲ್ಕು ಊರಿಗೆ ಪತ್ರ ಬರೆದುಕೊಡಬೇಕಾಗುವುದು ಇದರಿಂದಲೇ. ಹಳೆಯ ಪುಸ್ತಕಗಳಲ್ಲಿ ಲ್ಯಾಟಿನ್ ಭಾಷೆ. ಮಲ್ಲಮ್ಮ ಮರಿಯಾ ಆಗಿರುತ್ತಾಳೆ, ಸಾಯಬಣ್ಣ ಯೊಹಾನೆಸ್ ಆಗಿರುತ್ತಾನೆ, ಊರಿನ ಹೆಸರು ಇಟಲಿಯವರ ಕಿವಿಗೆ ಕೇಳಿದಂತೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಗೊತ್ತಿರುವ ಆಯಿ, ಮುತ್ಯಾ ಯಾರಾದರೂ ಇದ್ದರೆ ಈಗಲೇ ಕೇಳಿ ಬರೆದುಕೊಳ್ಳಿ. ಮನೆಯ ಟ್ರಂಕಿನಲ್ಲಿರುವ ಮದುವೆ ಚೀಟಿ, ಮರಣದ ಕಾರ್ಡು, ಹಳೆಯ ಜಪದ ಪುಸ್ತಕದ ಮೊದಲ ಹಾಳೆ, ಇವುಗಳ ಫೋಟೋ ತೆಗೆದು ಧರ್ಮಕೇಂದ್ರಕ್ಕೂ ಒಂದು ಕೊಡಿ. ರಿಜಿಸ್ಟರು ಗೆದ್ದಲಿಗೆ ಹೋದರೆ ಇವೇ ಉಳಿಯುವ ಸಾಕ್ಷಿ.

ಉಪದೇಶಿಗಳ ಮಾತು ಬಾಕಿ ಇತ್ತು. ಇಂದಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲೂ ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿ, ಸ್ಥಳ, ದಿನ, ದೀಕ್ಷಾಸ್ನಾನ ಕೊಟ್ಟ ಗುರುವಿನ ಸಹಿ, ಎಲ್ಲಕ್ಕೂ ಅಂಕಣವಿದೆ. ಆ ಕುಟುಂಬಕ್ಕೆ ಜಪ ಕಲಿಸಿ ಗುಡಿಯ ತನಕ ಕರೆತಂದ ಉಪದೇಶಿಗೆ ಅಂಕಣವಿಲ್ಲ. ಕಡೆಯಲ್ಲಿ ‘ಷರಾ’ ಎಂದು ಒಂದು ಖಾಲಿ ಅಂಕಣವಿರುತ್ತದೆ. ಅಲ್ಲಿ ಬರೆಯಲು ಜಾಗವಿದೆ.